ಏಟಿಗೆ ಮೈಯೊಡ್ಡುವವರು

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮಗ್ಗಗಳ ಸದ್ದು ನಿಂತ ಮೇಲೂ ನಮ್ಮ ಮನೆಯಲ್ಲೊಂದು ಯುದ್ಧ ನಡೆಯುತ್ತಿರುತ್ತದೆ. ಮಗ ಕಂಪ್ಯೂಟರಿನ ಮುಂದೆ ಕೂತು, ಎಲ್ಲೆಲ್ಲೋ ಇರುವ ನಾಲ್ವರು ಗೆಳೆಯರ ಜೊತೆ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಆಡುತ್ತಾನೆ. 2004ರಲ್ಲಿ ಬಂದ ಆಟ. ಊಟಕ್ಕೆ ಕರೆದು ಕರೆದು ಸಾಕಾಗಿ ಒಂದು ರಾತ್ರಿ ತಟ್ಟೆ ಹಿಡಿದು ಅವನ ಪಕ್ಕದಲ್ಲೇ ಕೂತೆ. ಅಂದಿನಿಂದ ಇದನ್ನು ಬರಿಯ ಹೊಡೆದಾಟವೆಂದು ಹೀಗಳೆಯುವುದನ್ನು ಬಿಟ್ಟಿದ್ದೇನೆ.

ಐವರಲ್ಲಿ ನನ್ನ ಮಗ 'ಟ್ಯಾಂಕ್'. ರಾಕ್ಷಸನನ್ನು ಕೊಲ್ಲುವುದು ಅವನ ಮುಖ್ಯ ಕೆಲಸವಲ್ಲ. ರಾಕ್ಷಸನ ಸಿಟ್ಟೆಲ್ಲ ತನ್ನ ಮೇಲೇ ಇರುವಂತೆ ನೋಡಿಕೊಳ್ಳುವುದು. ಮೂವರು ಹೊಡೆಯುತ್ತಾರೆ, ಒಬ್ಬ ಗಾಯ ಮಾಯಿಸುತ್ತಾನೆ. ಸಿಟ್ಟಿಗೂ ಲೆಕ್ಕವಿದೆ. ಹತ್ತಿರ ನಿಂತವನು ಟ್ಯಾಂಕಿಗಿಂತ ನೂರಕ್ಕೆ 10ರಷ್ಟು, ದೂರ ನಿಂತವನು 30ರಷ್ಟು ಹೆಚ್ಚು ಸಿಟ್ಟೇರಿಸಿದರೆ ರಾಕ್ಷಸ ಅವನತ್ತ ತಿರುಗುತ್ತಾನೆ. ಆಗ ಟ್ಯಾಂಕ್ ಕೆಣಕಿ ಮತ್ತೆ ತನ್ನತ್ತ ಎಳೆದುಕೊಳ್ಳಬೇಕು. ನನಗೆ ಬೆರಗಾದದ್ದು ಇನ್ನೊಂದು. ಗಾಯ ಮಾಯಿಸುವವನ ಮೇಲೂ ರಾಕ್ಷಸನಿಗೆ ಸಿಟ್ಟು ಬರುತ್ತದೆ! ಒಂದೇಟೂ ಹಾಕದವನ ಮೇಲೆ, ಬರಿಯ ಆರೈಕೆ ಮಾಡಿದ್ದಕ್ಕೆ. ಇದನ್ನು ಕಟ್ಟಿದವರು ಯಾವುದೋ ಕೂಡುಕುಟುಂಬದಲ್ಲಿ ಬೆಳೆದಿರಬೇಕು ಎಂದುಕೊಂಡೆ.

ನೋಡುತ್ತಾ ಕೂತವಳಿಗೆ ಘಟೋತ್ಕಚ ನೆನಪಾದ. ಕರ್ಣನ ಬಳಿ ಇಂದ್ರ ಕೊಟ್ಟ ಶಕ್ತ್ಯಾಯುಧವಿದೆ, ಒಂದೇ ಸಲ ಎಸೆಯಬಹುದು, ಅರ್ಜುನನಿಗೆಂದು ಕಾದಿರಿಸಿದ್ದಾನೆ. ದ್ರೋಣಪರ್ವದ ರಾತ್ರಿಯುದ್ಧದಲ್ಲಿ ಕೃಷ್ಣ ಭೀಮನ ಈ ಮಗನನ್ನು ಕರೆದು, ಕರ್ಣನನ್ನು ಎದುರಿಸಲು ನೀನೇ ತಕ್ಕವನೆಂದು ಹುರಿದುಂಬಿಸಿ ಕಳಿಸುತ್ತಾನೆ. ಕೌರವರು ಕಂಗೆಟ್ಟು ಗೋಗರೆದಾಗ ಕರ್ಣ ಆಯುಧವನ್ನು ಅವನ ಮೇಲೆಯೇ ಎಸೆಯುತ್ತಾನೆ. ವ್ಯಾಸಭಾರತದಲ್ಲಿ ಪಾಂಡವರು ಅಳುತ್ತಿದ್ದರೆ ಕೃಷ್ಣ ಕುಣಿಯುತ್ತಾನೆ. ಲೆಕ್ಕವನ್ನು ಅರ್ಜುನನಿಗೆ ಆಮೇಲೆ ಬಿಡಿಸಿ ಹೇಳುತ್ತಾನೆ. ಘಟೋತ್ಕಚನಿಗೇ ಮೊದಲು ಹೇಳಿದ್ದರೆ ಅವನು ಹಿಂದೆಗೆಯುತ್ತಿದ್ದನೇ? ಇಲ್ಲವೇನೋ. ಆದರೂ ಹೇಳಬೇಕಿತ್ತು. ಹಿಡಿಂಬೆಗೂ ಹೇಳಬೇಕಿತ್ತು.

ಈ ಒಂದು ವಿಷಯದಲ್ಲಿ ಆಟವೇ ಮೇಲು. ಟ್ಯಾಂಕ್ ಆಗುವವನು ತಿಳಿದೇ ಆಗುತ್ತಾನೆ, ಅವನ ಬೆನ್ನಿಗೆ ಆರೈಕೆಯವನೊಬ್ಬ ಇದ್ದೇ ಇರುತ್ತಾನೆ, ಸತ್ತರೆ ಎದ್ದು ಬರುತ್ತಾನೆ. ಕೊರತೆಯೂ ಇಲ್ಲದಿಲ್ಲ. ರಾಕ್ಷಸನಿಗೆ ಅಷ್ಟು ಸಿಟ್ಟೇಕೆ ಎಂದು ಯಾರೂ ಕೇಳುವುದಿಲ್ಲ. ಮಳೆ ಬಂದಹಾಗೆ ಸಿಟ್ಟು ಬರುತ್ತದೆ, ಒಬ್ಬರು ನೆನೆಯಬೇಕು, ಅಷ್ಟೆ.

ನಮ್ಮ ಮನೆಯಲ್ಲೂ ಯಾರೂ ಕೇಳುತ್ತಿರಲಿಲ್ಲ. ಲೆಕ್ಕದಲ್ಲಿ ನನಗೆ ಅಂಕ ಕಡಿಮೆ ಬಂದ ದಿನ, ಅಪ್ಪ ಅಂಕಪಟ್ಟಿಗೆ ಕೈಚಾಚುವ ಹೊತ್ತಿಗೆ ಸರಿಯಾಗಿ ಅಡುಗೆಮನೆಯಲ್ಲಿ ಲೋಟವೊಂದು ಬೀಳುತ್ತಿತ್ತು. ಅಪ್ಪ ಅತ್ತ ಹೋಗುತ್ತಿದ್ದರು. ಅಕ್ಕನದು ಜಾರುಗೈ ಎಂದೇ ಮನೆಯಲ್ಲಿ ಮಾತು. ಅಕ್ಕನ ಓದು ಎಸ್ಸೆಸ್ಸೆಲ್ಸಿಗೆ ನಿಂತಿತು, ನಾನು ಬಿ.ಇಡಿ. ಮಾಡಿ ಮೇಷ್ಟರಮ್ಮನಾದೆ.

ಮೊನ್ನೆ ಹೊಸಕೋಟೆಗೆ ಫೋನು ಮಾಡಿ ಕೇಳಿಯೇಬಿಟ್ಟೆ, "ಅಕ್ಕಾ, ಆ ಲೋಟಗಳನ್ನು ಬೇಕೆಂದೇ ಬೀಳಿಸ್ತಿದ್ದೆಯಾ?"

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಎಲ್ಲಾ ಸ್ಟೀಲಿನವೇ ಅಲ್ವೇನೇ," ಎಂದಳು. "ಗಾಜಿನದು ಒಂದೂ ಬೀಳಿಸಲಿಲ್ಲ."