‘ಕಗ್ಗತ್ತಲೆ’: ಅರ್ಥ ಮತ್ತು ಪ್ರಯೋಗ

‘ಕಗ್ಗತ್ತಲೆ’ ಎಂಬ ಸಮಾಸವನ್ನು ‘ಕರಿದು ಆದ ಕತ್ತಲೆ’ ಎಂದು ಬಿಡಿಸಿ ಒಪ್ಪಿಸುವುದು ಶಾಲೆಯ ದಿನಗಳಿಂದ ಬಂದ ರೂಢಿ. ಈ ವಿಗ್ರಹವಾಕ್ಯ ಸರಿಯೇ ಎಂಬುದು ಕೇವಲ ವೈಯಾಕರಣರ ವಿನೋದವಲ್ಲ. ಅದರ ‘ಕಗ್’ ಎಂಬ ಪೂರ್ವಪದ ಬಣ್ಣವನ್ನು ಹೇಳುತ್ತದೆಯೋ, ಪ್ರಮಾಣವನ್ನು ಹೇಳುತ್ತದೆಯೋ ಎಂಬುದರ ಮೇಲೆ ಕನ್ನಡಿಗರು ಒಂದು ಇಡೀ ಭೂಖಂಡವನ್ನು ಕರೆಯುತ್ತ ಬಂದಿರುವ ರೀತಿಯ ಔಚಿತ್ಯವೂ ನಿಂತಿದೆ.

ಬಣ್ಣದ ಪಕ್ಷಕ್ಕೆ ಬಲವಿಲ್ಲದಿಲ್ಲ. ಹಳಗನ್ನಡದ ‘ಕರ್ಬು’ ‘ಕಬ್ಬು’ ಆದಂತೆ, ‘ಕರ್ಗಲ್’ ‘ಕಗ್ಗಲ್ಲು’ ಆದಂತೆ, ರೇಫವು ಮುಂದಿನ ವ್ಯಂಜನದಲ್ಲಿ ಲೀನವಾಗಿ ಒತ್ತಕ್ಷರವಾಗುವುದು ಕನ್ನಡದ ಸಹಜ ಪ್ರವೃತ್ತಿ. ಆದರೆ ‘ಕಡು’ ಎಂಬ ಮಾತೂ ಸಮಾಸದಲ್ಲಿ ಇದೇ ವೇಷವನ್ನು ತಾಳುತ್ತದೆ. ಸ್ವರದ ಮುಂದೆ ‘ಕಟ್ಟೆಚ್ಚರ’, ‘ಕಟ್ಟಾಳು’ ಎಂದು ನಿಲ್ಲುವ ಅದು ಕವರ್ಗದ ಮುಂದೆ ‘ಕಗ್ಗೊಲೆ’, ‘ಕಗ್ಗಂಟು’ ಎಂದಾಗುತ್ತದೆ. ಕಗ್ಗೊಲೆಯಲ್ಲಿ ಕಪ್ಪೇನೂ ಇಲ್ಲ. ಬಿಳಿಯ ನೂಲಿನಲ್ಲಿಯೂ ಕಗ್ಗಂಟು ಬೀಳುತ್ತದೆ. ಹೀಗೆ ಎರಡು ಬೇರುಗಳು ಒಂದೇ ರೂಪದಲ್ಲಿ ಬಂದು ಕೂಡಿಕೊಂಡಿರುವುದರಿಂದ ಧ್ವನಿನಿಯಮ ಒಂದರಿಂದಲೇ ಈ ವ್ಯಾಜ್ಯ ತೀರುವಂತಿಲ್ಲ. ಅರ್ಥದ ಸಾಕ್ಷ್ಯವನ್ನೂ ಕೇಳಬೇಕು.

‘ಬೆಳದಿಂಗಳು’ ಬಣ್ಣದಿಂದ ಹುಟ್ಟಿದ ಹೆಸರಾಗಿರುವಾಗ ಅದರ ಎದುರಾಳಿಯೂ ಹಾಗೆಯೇ ಹುಟ್ಟಿರಬೇಕೆಂದು ವಾದಿಸಬಹುದು. ಮೇಲುನೋಟಕ್ಕೆ ಅಂದವಾದ ವಾದವಿದು. ಆದರೆ ‘ತಿಂಗಳ್’ ಎಂದರೆ ಚಂದ್ರ. ‘ಬೆಳ್’ ಸೇರಿದ ಮೇಲೆಯೇ ಅದು ನೆಲದ ಮೇಲೆ ಬಿದ್ದ ಬೆಳಕಾಗುತ್ತದೆ. ಕತ್ತಲೆಗೆ ಕಪ್ಪನ್ನು ಸೇರಿಸಿದರೆ ಅರ್ಥಕ್ಕೆ ಹೊಸದಾಗಿ ಬಂದದ್ದೇನು? ಕತ್ತಲೆಗೆ ಸೇರಿಸಲು ಉಳಿದಿರುವುದು ತೀವ್ರತೆಯೊಂದೇ. ಬಣ್ಣವನ್ನೇ ನೆನೆಯಬೇಕಾದಾಗ ಕವಿಗಳಿಗೆ ‘ಕಾರ್ಗತ್ತಲೆ’ ಇದೆ. ಅದರ ಬೆನ್ನಿಗೆ ಕಾರ್ಮುಗಿಲೂ ಕಾರ್ಗಾಲವೂ ಇರುವುದರಿಂದ ಆ ಮಾತಿನಲ್ಲಿ ಮೋಡದ ನೆರಳೊಂದು ಸುಳಿಯುತ್ತದೆ. ಎರಡನ್ನೂ ಸಮಾನಾರ್ಥಕಗಳೆಂದು ಬಳಸುವವರು ಈ ಸೂಕ್ಷ್ಮವನ್ನು ಕಳೆದುಕೊಳ್ಳುತ್ತಾರೆ.

ಹೈದರಾಬಾದಿನ ಕನ್ನಡಿಗರ ಕಿವಿಗೆ ದಿನವೂ ಬೀಳುವ ತೆಲುಗು ಈ ಎರಡನ್ನೂ ಬೇರೆ ಬೇರೆಯಾಗಿಯೇ ಉಳಿಸಿಕೊಂಡಿದೆ. ಅಲ್ಲಿ ‘ಕಾರುಚೀಕಟಿ’ ಒಂದು, ‘ಕಟಿಕಚೀಕಟಿ’ ಇನ್ನೊಂದು. ಈ ‘ಕಟಿಕ’ವೇ ‘ಕಟಿಕ ಉಪವಾಸಂ’, ‘ಕಟಿಕ ದರಿದ್ರಂ’ ಎಂಬಲ್ಲಿಯೂ ಬರುತ್ತದೆ. ಉಪವಾಸಕ್ಕೆ ಬಣ್ಣವೆಲ್ಲಿಯದು? ಮರಾಠಿಯ ದಾರಿ ಬೇರೆ. ‘ಕಾಳಾಕುಟ್ಟ ಅಂಧಾರ’ದಲ್ಲಿ ಕಪ್ಪು ಎದ್ದು ಕಾಣುತ್ತದೆ, ಮುಂಬಯಿ, ಪುಣೆಗಳಲ್ಲಿ ಬೆಳೆದ ಕನ್ನಡಿಗನಿಗೆ ‘ಕಗ್ಗತ್ತಲೆ’ಯಲ್ಲಿಯೂ ‘ಕರಿ’ಯೇ ಕೇಳಿಸಿದರೆ ಅಚ್ಚರಿಯಿಲ್ಲ. ಆಡುಮಾತಂತೂ ಈ ತಕರಾರಿಗೇ ಹೋಗದೆ ‘ಗವ್ವೆನ್ನುವ ಕತ್ತಲೆ’ ಎಂದು ಕಣ್ಣಿನ ಕೆಲಸವನ್ನು ಕಿವಿಗೆ ಒಪ್ಪಿಸಿದೆ. ಬರೆಹದ ಕನ್ನಡ ಅದನ್ನು ಇನ್ನಷ್ಟು ಬಳಸಬೇಕಿತ್ತು.

ಇನ್ನು ಪ್ರಯೋಗದ ಮಾತು. ಆಫ್ರಿಕವನ್ನು ‘ಕಗ್ಗತ್ತಲೆಯ ಖಂಡ’ ಎಂದು ಕರೆಯುವುದು ಕನ್ನಡ ಬರೆವಣಿಗೆಯಲ್ಲಿ ರೂಢಮೂಲವಾಗಿದೆ. ಮೂಲದ ಇಂಗ್ಲಿಷ್ ಮಾತಿಗೆ ವ್ಯಾಪಕ ಪ್ರಚಾರವನ್ನು ಕೊಟ್ಟದ್ದು ಹೆನ್ರಿ ಸ್ಟ್ಯಾನ್ಲಿಯ ‘ಥ್ರೂ ದ ಡಾರ್ಕ್ ಕಾಂಟಿನೆಂಟ್’ (1878). ಕತ್ತಲೆ ಅಲ್ಲಿದ್ದದ್ದು ಯುರೋಪಿನವರ ನಕ್ಷೆಯಲ್ಲಿ, ಆ ನೆಲದಲ್ಲಲ್ಲ. ಇಂಗ್ಲಿಷಿನ ‘ಡಾರ್ಕ್’ ಎಂಬುದಕ್ಕೆ ‘ಕತ್ತಲೆಯ’ ಎಂದರೆ ಸಾಕಿತ್ತು. ಅನುವಾದ ‘ಕಗ್’ ಒಂದನ್ನು ತಾನಾಗಿ ಸೇರಿಸಿತು. ಯುರೋಪಿನ ‘ಡಾರ್ಕ್ ಏಜಸ್’ ಎಂಬಲ್ಲಿಯೂ ಇರುವುದು ಅದೇ ವಿಶೇಷಣ. ಅದು ಮಾತ್ರ ಕನ್ನಡದಲ್ಲಿ ಸಾಮಾನ್ಯವಾಗಿ ‘ಕತ್ತಲೆಯ ಯುಗ’, ‘ಅಂಧಕಾರ ಯುಗ’ ಎಂದು ಮಿತವಾಗಿಯೇ ನಿಂತಿದೆ. ಬಿಳಿಯರ ಇತಿಹಾಸಕ್ಕೆ ಸಾದಾ ಕತ್ತಲೆ, ಕರಿಯರ ನಾಡಿಗೆ ಕಗ್ಗತ್ತಲೆ! ಈ ತಾರತಮ್ಯ ಬೇಕೆಂದು ಮಾಡಿದ್ದಲ್ಲದಿರಬಹುದು. ಆದರೆ ‘ಕಗ್’ ಎಂದರೆ ‘ಕರಿ’ ಎಂಬ ತಪ್ಪು ವ್ಯುತ್ಪತ್ತಿ ಓದುಗನ ಮನಸ್ಸಿನಲ್ಲಿ ಕುಳಿತಿರುವಾಗ ವಿಶೇಷಣವು ಖಂಡವನ್ನು ಬಿಟ್ಟು ಅಲ್ಲಿನ ಜನರ ಮೈಬಣ್ಣಕ್ಕೆ ಅಂಟಿಕೊಳ್ಳುತ್ತದೆ. ‘ಕಡು’ ಎಂದು ತಿಳಿದು ಬಳಸಿದರೂ ದೋಷ ಹೋಗುವುದಿಲ್ಲ. ಆಗ ಅಜ್ಞಾನದ ಆರೋಪ ಮೂಲಕ್ಕಿಂತ ಹೆಚ್ಚಾಗುತ್ತದೆ.

ಸ್ಟ್ಯಾನ್ಲಿಯ ಕಣ್ಣನ್ನು ಎರವಲು ತರುವ ಅಗತ್ಯ ಕನ್ನಡನಾಡಿಗೆ ಇರಲೂ ಇಲ್ಲ. ಬಿಜಾಪುರದಲ್ಲಿ ಮುಹಮ್ಮದ್ ಆದಿಲ್ ಶಾಹನ ಆಳಿಕೆಯಲ್ಲಿ (1627–1656) ಹಬಶಿ ಮೂಲದ ಇಖ್ಲಾಸ್ ಖಾನನು ಮಂತ್ರಿಯಾಗಿದ್ದನು. ಆ ಕಾಲದ ವರ್ಣಚಿತ್ರಗಳಲ್ಲಿ ಸುಲ್ತಾನನೊಡನೆ ಅವನೂ ಕಾಣಿಸಿಕೊಳ್ಳುತ್ತಾನೆ. ಯಲ್ಲಾಪುರ, ಹಳಿಯಾಳಗಳ ಸಿದ್ದಿಯರು ಇಂದಿಗೂ ಕನ್ನಡನಾಡಿನ ಮಕ್ಕಳು. ಅವರ ಮಕ್ಕಳೂ ಓದುವ ಭಾಷೆಯಲ್ಲಿ ಪೂರ್ವಿಕರ ನೆಲಕ್ಕೆ ಈ ಹೆಸರು ಉಳಿದುಬಂದಿದೆ. ಕಾನ್ರಾಡನು 1899ರಲ್ಲಿ ಪ್ರಕಟಿಸಿದ ‘ಹಾರ್ಟ್ ಆಫ್ ಡಾರ್ಕ್‌ನೆಸ್’ ಎಂಬ ಕಥೆಯ ಹೆಸರಿನಲ್ಲಿಯೂ ಇರುವುದು ಬರಿಯ ನಾಮಪದ, ವಿಶೇಷಣವಿಲ್ಲ. ಆ ಕತ್ತಲೆ ಕಾಂಗೋದ್ದೋ, ಅಲ್ಲಿಗೆ ದಂತಕ್ಕಾಗಿ ಹೋದವರದ್ದೋ ಎಂಬ ಸಂದೇಹದ ಮೇಲೆಯೇ ಕಥೆ ನಿಂತಿದೆ. ಅದನ್ನು ಕನ್ನಡಿಸುವವರು ‘ಕಗ್ಗತ್ತಲೆ’ ಎಂದು ಬರೆದರೆ ಆ ಸಂದೇಹ ಶೀರ್ಷಿಕೆಯಲ್ಲಿಯೇ ತೀರ್ಮಾನವಾಗಿಬಿಡುತ್ತದೆ.