ಮಕ್ಕಳ ಕತೆ: ಯಾರ ಕಣ್ಣಿಂದ?

ಪ್ರೇಮಚಂದರ ‘ಈದ್‌ಗಾಹ್’ (1933) ಕತೆಯಲ್ಲಿ ಅಪ್ಪ ದುಡಿಯಲು ಹೋಗಿದ್ದಾನೆ, ಅಮ್ಮ ಅಲ್ಲಾಹನ ಮನೆಗೆ ಹೋಗಿದ್ದಾಳೆ ಎಂದು ಪುಟ್ಟ ಹಾಮಿದ್ ನಂಬಿದ್ದಾನೆ. ಇಬ್ಬರೂ ತೀರಿಕೊಂಡಿರುವುದು ಓದುಗನಿಗೆ ಗೊತ್ತು, ಅವನಿಗೆ ಗೊತ್ತಿಲ್ಲ. ರೊಟ್ಟಿ ಮಾಡುವಾಗ ಅಜ್ಜಿಯ ಬೆರಳು ಸುಡುವುದನ್ನು ಮಾತ್ರ ಅವನು ಬಲ್ಲ. ಇದ್ದ ಮೂರು ಪೈಸೆಗೆ ಚಿಮಟಾ ತರುತ್ತಾನೆ. ಅಜ್ಜಿ ಅಮೀನಾಳ ಕಣ್ಣೀರಿನ ಗುಟ್ಟು ಅವನಿಗೆ ತಿಳಿಯದು. ಅಲ್ಲಿ ಕತೆಗಾರ ತಾನೇ ಮಾತಾಡುತ್ತಾನೆ, ಮಗುವಿನ ಬಾಯಿಗೆ ದೊಡ್ಡವರ ಮಾತು ತುರುಕುವುದಿಲ್ಲ.

ನಮ್ಮ ಎಷ್ಟೋ ಮಕ್ಕಳ ಕತೆಗಳಲ್ಲಿ ಮುಸ್ಲಿಂ ಹುಡುಗ ಹಬ್ಬದ ದಿನ ಸುರಕುಂಬಾ ಕೊಟ್ಟು ಹೋಗುವ ನೆರೆಮನೆಯವ. ಅವನನ್ನು ನೋಡುತ್ತೇವೆ, ಅವನ ಕಣ್ಣಿಂದ ನೋಡುವುದಿಲ್ಲ. ಮನೆಯಲ್ಲಿ ದಖನಿ ಆಡಿ ಶಾಲೆಯಲ್ಲಿ ಕನ್ನಡ ಕಲಿಯುವ ಚಿದ್ರಿಯ ಮಗು ಕನ್ನಡ ಕತೆಯೊಳಗೆ ‘ನಾನು’ ಎನ್ನಬೇಕು. ಅಂಥ ಕತೆ ಬೇಕಿರುವುದು ಆ ಮಗುವಿಗಷ್ಟೇ ಅಲ್ಲ, ಪಕ್ಕದ ಬೆಂಚಿನ ಮಗುವಿಗೂ.