ಒಂಬತ್ತರ ತುದಿಯಲ್ಲಿ ಇಪ್ಪತ್ತೆರಡರ ತುಣುಕು

ಕೆಲವು ಚಿತ್ರಗಳನ್ನು ಎಷ್ಟು ಸಲ ನೋಡಿದರೂ ಕಣ್ಣು ತಣಿಯುವುದಿಲ್ಲ. ನನ್ನ ಮಟ್ಟಿಗೆ ಅಂಥದ್ದೊಂದು, ರಕ್ತ ಕ್ಯಾನ್ಸರ್ ರೋಗಿಯ ವರ್ಣತಂತುಗಳ ಚಿತ್ರಪಟ. ಒಂದೇ ಒಂದು ಜೀವಕೋಶದ 46 ವರ್ಣತಂತುಗಳನ್ನು ಫೋಟೊದಿಂದ ಕತ್ತರಿಸಿ, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಜೋಡಿಯಾಗಿ ಅಂಟಿಸಿದ ಹಾಳೆ ಅದು. ಪ್ರತಿಯೊಂದರ ಮೈಮೇಲೂ ಅಡ್ಡಪಟ್ಟೆಗಳು. ಕೆಲವು ಹೊಳೆಯುತ್ತವೆ, ಕೆಲವು ಮಂಕಾಗಿವೆ. ಒಂದು ಜೋಡಿಯ ಪಟ್ಟೆಯಂತೆ ಇನ್ನೊಂದರದಿಲ್ಲ.

ಈ ಪಟ್ಟೆಗಳನ್ನು ತೋರಿಸುವ ಕ್ವಿನಾಕ್ರಿನ್ ಬಣ್ಣದ ವಿಧಾನವನ್ನು ವಿಜ್ಞಾನಿ ಜಾನೆಟ್ ರೌಲಿ ಆಕ್ಸ್‌ಫರ್ಡ್‌ನಲ್ಲಿ ಕಲಿತು ಷಿಕಾಗೊಗೆ ಮರಳಿದ್ದರು. ನಾಲ್ಕು ಗಂಡುಮಕ್ಕಳ ತಾಯಿ. ಫೋಟೊಗಳನ್ನು ಮನೆಗೆ ತಂದು ಊಟದ ಮೇಜಿನ ಮೇಲೆ ಹರಡಿ ಕತ್ತರಿಸುತ್ತಿದ್ದರು. ಅಮ್ಮ ಕಾಗದದ ಗೊಂಬೆಯಾಟ ಆಡುತ್ತಿದ್ದಾಳೆಂದು ಮಕ್ಕಳು ಕಿಚಾಯಿಸುತ್ತಿದ್ದರಂತೆ. ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯ ಎಂಬ ರಕ್ತ ಕ್ಯಾನ್ಸರ್‌ನಲ್ಲಿ ಒಂದು ವರ್ಣತಂತು ಮೊಟಕಾಗಿರುತ್ತದೆ ಎಂಬುದನ್ನು ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ 1960ರಲ್ಲೇ ಕಂಡಿದ್ದರು. ಅವರ ಊರಿನ ಹೆಸರೇ ಅದಕ್ಕೆ ಅಂಟಿತು: ಫಿಲಡೆಲ್ಫಿಯ ವರ್ಣತಂತು. ಆದರೆ ಹೋದ ತುಂಡು ಎಲ್ಲಿ ಹೋಯಿತು? ಕಳೆದೇಹೋಯಿತು ಎಂದೇ ಎಲ್ಲರೂ ನಂಬಿದ್ದರು.

ಈಗ ಹಾಳೆಯನ್ನು ನಿಧಾನವಾಗಿ ನೋಡಬೇಕು. ಕೊನೆಯ ಸಾಲಿನಲ್ಲಿ 22ನೆಯ ಜೋಡಿ: ಒಂದು ಸರಿಯಾಗಿದೆ, ಇನ್ನೊಂದು ಗಿಡ್ಡ. ಅಲ್ಲಿಂದ ಕಣ್ಣನ್ನು ಮೇಲಕ್ಕೆ, 9ನೆಯ ಜೋಡಿಗೆ ಒಯ್ಯಿರಿ. ಎರಡರ ಪಟ್ಟೆಗಳೂ ಒಂದೇ ತೆರನಾಗಿ ಕೆಳಗಿಳಿಯುತ್ತವೆ. ಆದರೆ ಒಂದರ ತುದಿಯಲ್ಲಿ ಮಾತ್ರ ಚೂರೇ ಚೂರು ಹೆಚ್ಚಿನ ಉದ್ದ, ಮಂಕಾಗಿ ಮಿನುಗುವ ಒಂದು ತುಣುಕು. ಅದರ ಅಳತೆಯೂ 22ರಲ್ಲಿ ಕಡಿಮೆಯಾದದ್ದರ ಅಳತೆಯೂ ಹೆಚ್ಚುಕಡಿಮೆ ಒಂದೇ. ತುಂಡು ಕಳೆದುಹೋಗಿರಲಿಲ್ಲ, ಜಾಗ ಬದಲಿಸಿತ್ತು! ರೌಲಿ ಇದನ್ನು 1973ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ದೊಡ್ಡ ಯಂತ್ರವಿಲ್ಲ, ಗಣಕವಿಲ್ಲ. ಕತ್ತರಿ, ಅಂಟು, ಅವಸರವಿಲ್ಲದ ಕಣ್ಣು, ಇಷ್ಟೇ. ವಿಜ್ಞಾನದಲ್ಲಿ ಇದಕ್ಕಿಂತ ಚೆಲುವಾದ ನೋಟವನ್ನು ನಾನು ಕಂಡಿಲ್ಲ.

9 ಮತ್ತು 22 ಎರಡೂ ಮುರಿದು ಕೂಡಿದ ಜಾಗದಲ್ಲಿ ಎರಡು ಜೀನ್‌ಗಳ ತುಂಡುಗಳು ಬೆಸೆದು ಬಿಸಿಆರ್-ಎಬಿಎಲ್ ಎಂಬ ಹೊಸ ಜೀನ್ ಆಗುತ್ತದೆ ಎಂದು ಆಮೇಲೆ ತಿಳಿಯಿತು. ಅದು ಹುಟ್ಟಿಸುವ ಕಿಣ್ವ ‘ಬೆಳೆ, ಒಡೆ’ ಎಂದು ಕೋಶಕ್ಕೆ ಬಿಡದೆ ಅಪ್ಪಣೆ ಕೊಡುತ್ತಲೇ ಇರುತ್ತದೆ.

ಒಬ್ಬ ರೋಗಿಯ ರೋಗಗ್ರಸ್ತ ಕೋಶಗಳಲ್ಲೆಲ್ಲ ಅದೇ ಬೆಸುಗೆ, ಅದೇ ಜಾಗದಲ್ಲಿ. ಹಾಗಾದರೆ ಅವೆಲ್ಲ ಒಂದೇ ಮೂಲಕೋಶದ ಸಂತಾನ. ಹಳೆಯ ಓಲೆಗರಿಗಳನ್ನು ಸಂಪಾದಿಸುವವರು ಮಾಡುವುದೂ ಇದನ್ನೇ: ಎರಡು ಪ್ರತಿಗಳಲ್ಲಿ ಒಂದೇ ಸ್ಖಾಲಿತ್ಯ ಕಂಡರೆ ಎರಡಕ್ಕೂ ಮಾತೃಪ್ರತಿ ಒಂದೇ ಎಂದು ಊಹಿಸುತ್ತಾರೆ. ರೋಗ ಉಲ್ಬಣಿಸಿದಾಗ ಅನೇಕ ರೋಗಿಗಳ ಕೋಶಗಳಲ್ಲಿ ಹಳೆಯ ಗುರುತಿನ ಮೇಲೆ ಹೊಸ ಗುರುತುಗಳು ಸೇರುತ್ತವೆ: ಇನ್ನೊಂದು ಫಿಲಡೆಲ್ಫಿಯ, ಮೂರನೆಯ ಒಂದು 8, ವಿಕಾರಗೊಂಡ 17. ಬಿಸಿಆರ್-ಎಬಿಎಲ್ ತಾನೇ ಡಿಎನ್ಎಗೆ ಪೆಟ್ಟು ಹೆಚ್ಚಿಸುತ್ತದೆ, ದುರಸ್ತಿಯನ್ನೂ ಕೆಡಿಸುತ್ತದೆ. ಮೊದಲ ತಪ್ಪು ಮುಂದಿನ ತಪ್ಪುಗಳಿಗೆ ದಾರಿ ಬಿಡುತ್ತದೆ.

ಇದನ್ನೆಲ್ಲ ಒಂದು ಸೂತ್ರಕ್ಕೆ ಪೋಣಿಸಿದವರು ಅದೇ ಪೀಟರ್ ನೋವೆಲ್, 1976ರಲ್ಲಿ, ‘ಸೈನ್ಸ್’ ಪತ್ರಿಕೆಯಲ್ಲಿ. ಗಡ್ಡೆ ಒಂದು ಕೋಶದಿಂದ ಹುಟ್ಟುತ್ತದೆ. ಅದರ ವಂಶವಾಹಿಗಳಿಗೆ ಸ್ಥಿರತೆ ಇರುವುದಿಲ್ಲ. ಹಾಗಾಗಿ ಬಗೆಬಗೆಯ ಕವಲುಗಳು ಒಡೆಯುತ್ತವೆ. ಅವುಗಳಲ್ಲಿ ಹೆಚ್ಚು ತಾಳಿಕೊಳ್ಳುವಂಥವು ಆಯ್ಕೆಯಾಗಿ ಉಳಿಯುತ್ತವೆ. ಡಾರ್ವಿನ್ ದ್ವೀಪಗಳಲ್ಲಿ ಕಂಡದ್ದನ್ನು ನೋವೆಲ್ ಒಬ್ಬ ರೋಗಿಯ ದೇಹದೊಳಗೆ ಕಂಡರು. ಮುಂದೆ ಒಬ್ಬೊಬ್ಬ ರೋಗಿಗೆ ಒಂದೊಂದು ಚಿಕಿತ್ಸೆ ಬೇಕಾದೀತು, ಅದನ್ನೂ ಮೀರಿ ಬದುಕುವ ಕವಲು ತಲೆಯೆತ್ತೀತು ಎಂದೂ ಅಲ್ಲೇ ಎಚ್ಚರಿಸಿದರು.

2001ರಲ್ಲಿ ಆ ಮಾತು ಅಕ್ಷರಶಃ ನಿಜವಾಯಿತು. ಬಿಸಿಆರ್-ಎಬಿಎಲ್ ಕಿಣ್ವದ ಪೊಟರೆಯಲ್ಲಿ ಕೂತು ಅದನ್ನು ನಿಲ್ಲಿಸುವ ಇಮ್ಯಾಟಿನಿಬ್ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು ಆ ವರ್ಷ. ಸಾವಿನ ಅಂಚಿನಲ್ಲಿದ್ದವರು ಎದ್ದು ಕೆಲಸಕ್ಕೆ ಹೋದರು. ಅದೇ ವರ್ಷ, ರೋಗ ಬಲಿತಿದ್ದ ಕೆಲವರಲ್ಲಿ ಮಾತ್ರೆ ಸೋತ ಕಾರಣವೂ ಗೊತ್ತಾಯಿತು: ಜೀನಿನ ಡಿಎನ್ಎ ಬರಹದಲ್ಲಿ ‘ಸಿ’ ಅಕ್ಷರ ಇರಬೇಕಾದ ಕಡೆ ‘ಟಿ’. ಅದರಿಂದ ಕಿಣ್ವದ 315ನೆಯ ಸ್ಥಾನದಲ್ಲಿ ತ್ರಿಯೊನೈನ್ ಎಂಬ ಅಮೈನೊ ಆಮ್ಲ ಹೋಗಿ ಐಸೊಲ್ಯೂಸಿನ್ ಬಂದು, ಔಷಧ ಕೂರುವ ಜಾಗ ಇಕ್ಕಟ್ಟಾಯಿತು. ಮೂರು ನೂರು ಕೋಟಿ ಅಕ್ಷರಗಳ ಬರಹದಲ್ಲಿ ಒಂದೇ ಅಕ್ಷರ! ಕೆಲವು ರೋಗಿಗಳಲ್ಲಿ ಇಂಥ ಕೋಶಗಳು ಮಾತ್ರೆ ಶುರುವಾಗುವ ಮುಂಚೆಯೇ ಇದ್ದವೆಂದೂ ತಿಳಿಯಿತು. ಔಷಧ ಅವನ್ನು ಸೃಷ್ಟಿಸಿರಲಿಲ್ಲ, ಉಳಿದವನ್ನು ಕೊಂದು ಅವಕ್ಕೆ ಬಯಲು ಮಾಡಿಕೊಟ್ಟಿತ್ತು. ಈ ಇಕ್ಕಟ್ಟಿನಲ್ಲೂ ಕೂರಬಲ್ಲಂತೆ ರೂಪಿಸಿದ ಪೊನಾಟಿನಿಬ್ 2012ರಲ್ಲಿ ಬಂತು.

ಕ್ಯಾನ್ಸರ್ ಬಗ್ಗೆ ಒಂದೇ ಒಂದು ವೈಜ್ಞಾನಿಕ ಲೇಖನ ಓದುವ ಮನಸ್ಸಿದ್ದವರು ನೋವೆಲ್ ಅವರ ಆ 1976ರ ಲೇಖನವನ್ನು ಓದಬೇಕು. ಇರುವುದು ಆರೇ ಪುಟ.